ಹಾಸನದ ಸಣ್ಣ ಮಷೀನ್ ಶಾಪ್‌ಗೆ ಕಮ್ಮಿ ಖರ್ಚಿನ, ಬೇಗ ಕಲಿಯೋಕಾಗೋ ಕ್ಯಾಮ್ (ಡ್ರಾಯಿಂಗಿಂದ ಮಷೀನ್ ಪ್ರೋಗ್ರಾಮ್ ತೆಗೆಯೋ) ಸಾಫ್ಟ್‌ವೇರ್ ಯಾವ್ದು?

ಹಾಸನ ಶಾಪ್:
ಎಲ್ರಿಗೂ ನಮಸ್ಕಾರ. ಹಾಸನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಿಕ್ಕ ಮಷೀನ್ ಶಾಪ್ ನಮ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ತ್ರೀ ಆಕ್ಸಿಸ್ ವಿಎಂಸಿ (ಕಂಪ್ಯೂಟರಿಂದ ಓಡೋ ಮಿಲ್ಲಿಂಗ್ ಮಷೀನು) ಒಂದಿದೆ, ಫ್ಯಾನುಕ್ 0ಐ ಕಂಟ್ರೋಲು (ಮಷೀನ್ ನಡೆಸೋ ಕಂಪ್ಯೂಟರು), ಜೊತೆಗೊಂದು ಸಿಎನ್‌ಸಿ ಲೇತು. ಇಷ್ಟು ದಿನ ಬೇರಿಂಗ್ ಹೌಸಿಂಗು, ಫ್ಲಾಂಜು, ಪಿಸಿಡಿ ಹೋಲು (ವೃತ್ತದ ಸುತ್ತ ಬರೋ ತೂತು) ಇಂಥದ್ದೇ ಕೆಲ್ಸ, ಎಲ್ಲಾ ಕೈಯಲ್ಲೇ ಜಿ ಕೋಡ್ (ಮಷೀನಿಗೆ ಕೊಡೋ ಆದೇಶದ ಸಾಲು) ಬರ್ದು ಓಡಿಸ್ತಿದ್ವಿ. ಈಗ ಸಕಲೇಶಪುರ ಕಡೆ ಎಸ್ಟೇಟಿನೋರು ಕಾಫಿ ಪಲ್ಪರ್‌ದು ಬ್ರೆಸ್ಟ್ ಪ್ಲೇಟಿಗೆ (ಡ್ರಮ್ಮಿಗೆದುರಾಗಿ ಹಣ್ಣಿನ ಸಿಪ್ಪೆ ಬಿಡ್ಸೋ ಪ್ಲೇಟು) ಅಲ್ಯೂಮಿನಿಯಂ ಪ್ಯಾಟರ್ನ್ (ಎರಕದ ಅಚ್ಚಿಗೆ ಮಾದರಿ) ಮಾಡ್ಕೊಡಿ ಅಂತಿದಾರೆ, ಅದ್ರಲ್ಲಿ ಹಣ್ಣು ಹೋಗೋ ಚಾನಲ್ ಬರ್ತಾ ಬರ್ತಾ ಕಿರಿದಾಗುತ್ತೆ, ತಳ ಬೇರೆ ಡ್ರಮ್ಮಿನ ರೌಂಡಿಗೆ ತಕ್ಕಂಗೆ ಬಾಗಿರುತ್ತೆ, ಅದನ್ನ ಕೈಯಲ್ಲಿ ಬರಿಯೋದು ಆಗದ ಮಾತು. ದೊಡ್ಡ ಸಾಫ್ಟ್‌ವೇರ್‌ಗಳ ರೇಟ್ ಕೇಳಿದ್ರೆ ನಮ್ಮಂಥೋರಿಗೆ ಎಟುಕಲ್ಲ. ಆಪರೇಟರ್ ಐಟಿಐ ಮುಗ್ಸಿರೋ ಹುಡ್ಗ, ಚುರುಕಾಗಿದಾನೆ, ಅವನಿಗೂ ಕಲಿಯೋಕೆ ಸುಲಭ ಆಗ್ಬೇಕು. ಏನ್ ತಗೋಬೋದು ಹೇಳಿ.

ಮಲ್ನಾಡ್ ಮಿಲ್ಲಿಂಗ್, ಚಿಕ್ಕಮಗಳೂರು:
ಬ್ರೆಸ್ಟ್ ಪ್ಯಾಟರ್ನ್ ಅಂದ್ರೆ ಪಕ್ಕಾ ತ್ರೀಡಿ ಸರ್ಫೇಸ್ ಕೆಲ್ಸ ಸಾರ್, ಅದಕ್ಕೆ ಆಟೋಡೆಸ್ಕ್ ಫ್ಯೂಷನ್ ನೋಡಿ. ಮಾಡೆಲ್ ಮಾಡೋದು, ಟೂಲ್‌ಪಾತ್ (ಟೂಲ್ ಓಡೋ ದಾರಿ) ಹಾಕೋದು ಎರಡೂ ಒಂದೇ ಕಡೆ ಇರೋದ್ರಿಂದ ಚಾನಲ್ ಅಗಲ ಒಂಚೂರು ಬದಲಾಯ್ಸಿದ್ರೂ ಟೂಲ್‌ಪಾತ್ ರೀಜನರೇಟ್ ಕೊಟ್ರೆ ಸಾಕು. ಅಡಾಪ್ಟಿವ್ ಅನ್ನೋ ಟೂಲ್‌ಪಾತಲ್ಲಿ ರಫಿಂಗ್ (ಹೆಚ್ಚಿನ ಲೋಹ) ತೆಗ್ದು ಬಾಲ್ ನೋಸಲ್ಲಿ (ತುದಿ ಗುಂಡಗಿರೋ ಕಟರಲ್ಲಿ) ಫಿನಿಶ್ ಮಾಡ್ಕೊಳ್ಳಿ. ಯೂಟ್ಯೂಬಲ್ಲಿ ಇದಕ್ಕೆ ಬೇಕಾದಷ್ಟು ಪಾಠ ಇದೆ, ಹುಡ್ಗ ತಾನೇ ಕಲೀತಾನೆ.

ಆದ್ರೆ ಒಂದು ವಿಷ್ಯ ಗಟ್ಟಿಯಾಗಿ ಹೇಳ್ತೀನಿ. ಪುಕ್ಕಟೆ ಪರ್ಸನಲ್ ಲೈಸೆನ್ಸ್ ಸಿಗುತ್ತಲ್ಲ, ಅದು ಹವ್ಯಾಸಕ್ಕೆ ಮಾತ್ರ, ದುಡ್ಡಿಗೆ ಕೆಲ್ಸ ಮಾಡೋ ಶಾಪಲ್ಲಿ ಬಳಸೋ ಹಾಗಿಲ್ಲ. 2020ರಿಂದ ಅದ್ರಲ್ಲಿ ಆಟೋಮ್ಯಾಟಿಕ್ ಟೂಲ್ ಚೇಂಜ್ ಬರಲ್ಲ, ಜಿ0 ರ‍್ಯಾಪಿಡ್ (ಕಟಿಂಗ್ ಇಲ್ದಾಗಿನ ವೇಗದ ಓಟ) ಬದ್ಲು ಫೀಡಲ್ಲೇ (ಕಟಿಂಗ್ ವೇಗದಲ್ಲೇ) ಓಡುತ್ತೆ, ಹಂಗಾಗಿ ವಿಎಂಸಿ ಇಟ್ಕೊಂಡಿರೋರಿಗೆ ಅದ್ರಿಂದ ಉಪಯೋಗನೂ ಕಮ್ಮಿ. ಕಮರ್ಷಿಯಲ್‌ಗೆ 30 ದಿನದ ಟ್ರಯಲ್ ಇದೆ, ಆಮೇಲೆ ತಿಂಗಳ ಲೆಕ್ಕದಲ್ಲೂ ತಗೋಬೋದು. ತ್ರೀಡಿ ಕೆಲ್ಸ ಬಂದ ತಿಂಗಳು ಮಾತ್ರ ತಗೊಂಡು ಅದನ್ನ ಪಾರ್ಟಿಯ ಕೊಟೇಶನ್ನಿಗೆ ಸೇರ್ಸಿ, ವರ್ಷಪೂರ್ತಿ ಕಟ್ಟೋದು ಯಾಕೆ. ಮಳೆಗಾಲದಲ್ಲಿ ನಮ್ ಕಡೆ ನೆಟ್ ಹೋದ್ರೆ ವಾಪಸ್ ಬರೋದು ಯಾವಾಗ್ಲೋ, ಅದಕ್ಕೆ ಭಯ ಬೇಡ, ಎರಡು ವಾರದ ತನಕ ಆಫ್‌ಲೈನಲ್ಲೂ ಓಡುತ್ತೆ.

ಓಪನ್ ಸೋರ್ಸ್ ಗೆಳೆಯ:
ದಿನನಿತ್ಯದ ಪಾಕೆಟು, ಪ್ರೊಫೈಲು, ಡ್ರಿಲ್ಲಿಂಗಿಗೆ ಫ್ರೀಕ್ಯಾಡ್ ಸಾಕು ಕಣ್ರೀ. ಪೂರ್ತಿ ಪುಕ್ಕಟೆ, ವ್ಯಾಪಾರಕ್ಕೆ ಬಳಸಿದ್ರೂ ಯಾರೂ ಕೇಳಲ್ಲ, ನೆಟ್ಟೂ ಬೇಡ. 1.0 ವರ್ಷನ್ 2024ರ ನವೆಂಬರಲ್ಲಿ ಬಂತು, ಅದ್ರಲ್ಲಿ ಕ್ಯಾಮ್ ಅಂತಿರೋ ವರ್ಕ್‌ಬೆಂಚೇ ಹಳೇ ವಿಡಿಯೋಗಳಲ್ಲಿ ಪಾತ್ ಅಂತ ಕಾಣ್ಸುತ್ತೆ, ಹುಡ್ಗಂಗೆ ಮೊದ್ಲೇ ಹೇಳ್ಬಿಡಿ, ಹುಡ್ಕಿ ಹುಡ್ಕಿ ಸುಸ್ತಾಗ್ತಾನೆ. ಬ್ರೆಸ್ಟ್ ಥರದ ಸರ್ಫೇಸಿಗೆ ಮಾತ್ರ ಇದು ಫ್ಯೂಷನ್ನಿಗೆ ಸಮ ಅಲ್ಲ, ಅದನ್ನ ಒಪ್ಕೋತೀನಿ. ಲೇತಿಗಂತೂ ಏನೂ ತಗೋಬೇಡಿ, ಜಿ71 ರಫಿಂಗ್ ಜಿ70 ಫಿನಿಶಿಂಗ್ ಬರಿಯೋಕೆ ಬರೋರಿಗೆ ಕ್ಯಾಮ್ ಯಾಕೆ.

ಹಾಸನ ಶಾಪ್:
ತಿಂಗಳ ಲೆಕ್ಕದ ವಿಷ್ಯ ಗೊತ್ತೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ಬೇಕಿತ್ತು, ಪೋಸ್ಟ್ ಪ್ರೊಸೆಸರ್‌ಗೆ (ಟೂಲ್‌ಪಾತನ್ನ ನಮ್ ಮಷೀನಿನ ಜಿ ಕೋಡಿಗೆ ಬದಲಾಯ್ಸೋದು) ಬೇರೆ ದುಡ್ಡು ಕೊಡ್ಬೇಕಾ? ಒಬ್ಬ ಡೀಲರು ಅದಕ್ಕೇ ಬೇರೆ ಬಿಲ್ಲು ಅಂದ್ರು.

ಟೂಲ್‌ರೂಮ್ ಅಣ್ಣ, ಹಾಸನ:
ಮೊದ್ಲು ಕೇಳ್ಬೇಕಿದ್ದ ಪ್ರಶ್ನೆನೇ ಅದು. ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ರೂ ನಿಮ್ ಕಂಟ್ರೋಲಿಗೆ ಸರಿಯಾದ ಪೋಸ್ಟ್ ಇಲ್ದಿದ್ರೆ ಪ್ರತಿ ಪ್ರೋಗ್ರಾಮೂ ಕೈಯಲ್ಲಿ ತಿದ್ತಾ ಕೂರ್ಬೇಕು. ಫ್ಯೂಷನ್ನಲ್ಲೂ ಫ್ರೀಕ್ಯಾಡಲ್ಲೂ ಫ್ಯಾನುಕ್ ಪೋಸ್ಟ್ ಪುಕ್ಕಟೆ ಸಿಗುತ್ತೆ, ಫ್ರೀಕ್ಯಾಡ್‌ದು ಪೈಥಾನಲ್ಲಿ ಇರೋದ್ರಿಂದ ಬೇಕಾದ ಸಾಲು ನೀವೇ ತಿದ್ಕೋಬೋದು.

ಮೊದಲ್ನೇ ಫೈಲ್ ತೆಗೆದಾಗ ನೋಟ್‌ಪ್ಯಾಡಲ್ಲಿ ಓಪನ್ ಮಾಡಿ ತಲೆಭಾಗ ಓದಿ. ಜಿ21 (ಮಿಲಿಮೀಟರ್ ಅಳತೆ) ಜಿ90 (ಒಂದೇ ಶೂನ್ಯದಿಂದ ಅಳತೆ) ಬಂದಿದ್ಯಾ, ಜಿ54 (ಜಾಬಿನ ಶೂನ್ಯ) ಇದ್ಯಾ, ಟಿ1 ಎಂ6 (ಟೂಲ್ ಬದಲು) ಆದ್ಮೇಲೆ ಜಿ43 ಎಚ್1 ಬಂದಿದ್ಯಾ, ಕಟಿಂಗ್ ಶುರುವಾಗೋಕ್ ಮುಂಚೆ ಸ್ಪಿಂಡಲ್ ತಿರುಗುತ್ತಾ ಅಂತ. ಜಿ43 ಇಲ್ಲ ಅಂದ್ರೆ ಟೂಲ್ ಲೆಂಗ್ತ್ ತಗೊಳ್ಳಲ್ಲ, ಟೂಲ್ ಸೀದಾ ಜಾಬಿಗೋ ಟೇಬಲ್ಲಿಗೋ ಹೊಡಿಯುತ್ತೆ. ಆಮೇಲೆ ವರ್ಕ್ ಆಫ್‌ಸೆಟ್ಟಲ್ಲಿ ಝಡ್ 100 ಎಂಎಂ ಮೇಲಕ್ಕೆತ್ತಿ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸೋದು) ಹಾಕಿ, ರ‍್ಯಾಪಿಡ್ 25 ಪರ್ಸೆಂಟಿಗೆ ಇಳಿಸಿ ಗಾಳೀಲಿ ಓಡಿಸಿ. ಈ ಟೆಸ್ಟು ನಿಮ್ದೇ ಹಳೇ ಬೇರಿಂಗ್ ಹೌಸಿಂಗ್ ಡ್ರಾಯಿಂಗಲ್ಲಿ ಮಾಡಿ, ಟ್ರಯಲ್ ಟೈಮಲ್ಲೇ ಮಾಡಿ. ಕೈಯಲ್ಲಿ ಬರ್ದ ಪ್ರೋಗ್ರಾಮ್ ಪಕ್ಕದಲ್ಲಿಟ್ಕೊಂಡು ನೋಡಿದ್ರೆ ಎಲ್ಲೆಲ್ಲಿ ಬೇರೆ ಅಂತ ತಕ್ಷಣ ಗೊತ್ತಾಗುತ್ತೆ. ಡೀಲರ್ ತೋರ್ಸೋ ಡೆಮೋ ಪಾರ್ಟ್ ನೋಡಿ ದುಡ್ಡು ಕೊಡ್ಬೇಡಿ.

ಬ್ರೆಸ್ಟ್ ಪ್ಯಾಟರ್ನಿನ ಫಿನಿಶಿಂಗ್ ಪ್ರೋಗ್ರಾಮ್ ಸಾವಿರಾರು ಸಾಲು ಬರುತ್ತೆ, ಹಳೇ ಕಂಟ್ರೋಲಿನ ಮೆಮೊರಿಗೆ ಹಿಡಿಸ್ದೇ ಹೋಗ್ಬೋದು. ನಿಮ್ಮ 0ಐನಲ್ಲಿ ಸ್ಕ್ರೀನ್ ಪಕ್ಕ ಕಾರ್ಡ್ ಸ್ಲಾಟ್ ಇದ್ರೆ ಸಿಎಫ್ ಕಾರ್ಡಿಂದ ಡಿಎನ್‌ಸಿ ಮೋಡಲ್ಲಿ (ಮೆಮೊರಿಗೆ ಹಾಕ್ದೇ ಕಾರ್ಡಿಂದಲೇ ಓದ್ತಾ) ಓಡಿಸ್ಬೋದು. ಹುಡ್ಗಂಗೆ ಎದುರಿಗೆ ಕೂರ್ಸಿ ಹೇಳ್ಕೊಡೋರು ಬೇಕು ಅಂದ್ರೆ ಹಾಸನದ ಜಿಟಿಟಿಸಿಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ವಿಚಾರ್ಸಿ. ಕಾರ್ಡ್ ಸ್ಲಾಟ್ ಇದ್ಯಾ ಇಲ್ವಾ ನೋಡಿ ಇಲ್ಲೇ ಹಾಕಿ, ಡಿಎನ್‌ಸಿ ಪ್ಯಾರಾಮೀಟರ್ ಸೆಟ್ಟಿಂಗ್ ಹೇಳ್ತೀನಿ.