ಆಂಜಿಯೋಗ್ರಾಮ್‌ನ ‘ಡೈ’ಯನ್ನು ‘ಬಣ್ಣ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಹೃದಯದ ಆಂಜಿಯೋಗ್ರಾಮ್ (ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿಕೊಳ್ಳಲಿರುವವರ ಕೈಗೆ ಕೊಡುವ ಎರಡು ಪುಟಗಳ ಮಾಹಿತಿಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮುಂಗೈಯ ಅಥವಾ ತೊಡೆಸಂದಿನ ಅಪಧಮನಿಯೊಳಗೆ ತೆಳುವಾದ ಕೊಳವೆಯನ್ನು ತೂರಿಸಿ, ಅದನ್ನು ಹೃದಯದ ಬುಡದವರೆಗೆ ಸಾಗಿಸಿ, ಅದರ ಮೂಲಕ ‘ಡೈ’ ಬಿಟ್ಟು ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ ಎಂಬ ವಾಕ್ಯದಲ್ಲಿ ನಾನು ‘ಡೈ’ಗೆ ‘ಬಣ್ಣ’ ಎಂದು ಬರೆದಿದ್ದೆ. ಕರಡನ್ನು ಓದಿದ ಹಿರಿಯರೊಬ್ಬರು “ಯಾವ ಬಣ್ಣ? ಅದು ಮೂತ್ರದಲ್ಲಿ ಹೋಗುತ್ತದೆಯೋ, ಮೈಯಲ್ಲೇ ಉಳಿಯುತ್ತದೆಯೋ?” ಎಂದು ಕೇಳಿದಾಗ ಪದದ ತೊಡಕು ತಿಳಿಯಿತು.

ಆ ದ್ರವಕ್ಕೆ ಬಣ್ಣವೇ ಇಲ್ಲ; ಅದು ನೀರಿನಷ್ಟೇ ತಿಳಿ, ತುಸು ಅಂಟು. ರಕ್ತದಲ್ಲಿಯೂ ಸುತ್ತಲಿನ ಮಾಂಸದಲ್ಲಿಯೂ ಹೆಚ್ಚಾಗಿ ಇರುವುದು ಜಲಜನಕ, ಇಂಗಾಲ, ಆಮ್ಲಜನಕದಂತಹ ಹಗುರ ಧಾತುಗಳಾದ್ದರಿಂದ ಎಕ್ಸ್‌ರೇಗೆ ಎರಡೂ ಬಹುಮಟ್ಟಿಗೆ ಒಂದೇ. ಪರಮಾಣು ಸಂಖ್ಯೆ 53 ಇರುವ ಅಯೋಡಿನ್ ಬೆರೆತ ದ್ರವವಾದರೋ ಆ ಕಿರಣಗಳನ್ನು ಬಹಳವಾಗಿ ಹೀರಿಕೊಂಡು ನೆರಳು ಬೀಳಿಸುತ್ತದೆ. ಆ ನೆರಳು ಈ ಪರೀಕ್ಷೆ ನಡೆಯುವ ಕ್ಯಾಥ್‌ಲ್ಯಾಬ್ ಕೋಣೆಯ ಪರದೆಯಲ್ಲಿ ಕಪ್ಪಾಗಿಯೂ ಸಿಟಿ ಸ್ಕ್ಯಾನ್ ಮೂಲಕ ಮಾಡುವ ಆಂಜಿಯೋಗ್ರಾಮಿನಲ್ಲಿ ಬಿಳಿಯಾಗಿಯೂ ಕಾಣುತ್ತದೆ. 1896ರಲ್ಲಿ ವಿಯೆನ್ನಾದಲ್ಲಿ ಶವದ ಕೈಯೊಂದಕ್ಕೆ ಸುಣ್ಣ ಬೆರೆತ ಮಿಶ್ರಣವನ್ನು ತುಂಬಿ ರಕ್ತನಾಳಗಳನ್ನು ತೋರಿಸಿದಾಗಲೂ, 1927ರಲ್ಲಿ ಲಿಸ್ಬನ್ನಿನ ವೈದ್ಯ ಎಗಾಸ್ ಮೊನಿಜ್ ಸೋಡಿಯಂ ಅಯೋಡೈಡ್ ಬಳಸಿ ಬದುಕಿರುವ ಮನುಷ್ಯರ ಮಿದುಳಿನ ನಾಳಗಳನ್ನು ಕಾಣುವಂತೆ ಮಾಡಿದಾಗಲೂ ನಡೆದದ್ದು ಇದೇ ನೆರಳಿನ ಕೆಲಸ.

ಹಾಗೆಂದು ‘ಬಣ್ಣ’ವನ್ನು ಪೂರ್ತಿ ಕೈಬಿಡುವಂತೆಯೂ ಇಲ್ಲ. ಕಣ್ಣಿನ ಅಕ್ಷಿಪಟದ ಆಂಜಿಯೋಗ್ರಫಿಯಲ್ಲಿ ತೋಳಿನ ಅಭಿಧಮನಿಗೆ ಕೊಡುವ ಫ್ಲೋರೆಸಿನ್ ನಿಜವಾದ ಬಣ್ಣವೇ ಆಗಿದ್ದು, ನೀಲಿ ಬೆಳಕಿನಲ್ಲಿ ಹಳದಿಹಸಿರಾಗಿ ಹೊಳೆಯುತ್ತದೆ. ಕೆಲವು ಗಂಟೆಗಳ ಕಾಲ ಚರ್ಮ ಹಳದಿಯಾಗಿ ಕಾಣಬಹುದು, ಮೂತ್ರದ ಬಣ್ಣವೂ ಬದಲಾಗುತ್ತದೆ. ಆ ಹಿರಿಯರ ಪ್ರಶ್ನೆ ಅಲ್ಲಿ ಸರಿಯಾಗಿಯೇ ಇರುತ್ತಿತ್ತು.

ಬೇರೆ ಪದಗಳನ್ನು ಯೋಚಿಸಿದೆ. ಇಂಗ್ಲಿಷಿನ ‘ಕಾಂಟ್ರಾಸ್ಟ್ ಮೀಡಿಯಂ’ ಅನ್ನು ನೇರವಾಗಿ ಅನುವಾದಿಸಿ ‘ವ್ಯತಿರಿಕ್ತ ಮಾಧ್ಯಮ’ ಎಂದರೆ, ‘ವ್ಯತಿರಿಕ್ತ ಪರಿಣಾಮ’ ಎಂಬುದನ್ನು ಕೆಟ್ಟ ಪರಿಣಾಮವೆಂದೇ ಓದಿ ರೂಢಿಯಾದ ರೋಗಿ ಪರೀಕ್ಷೆಗೆ ಮುನ್ನವೇ ಹೆದರುತ್ತಾರೆ. ‘ಮದ್ದು’ ಇನ್ನೂ ಅಪಾಯದ್ದು. ನಮ್ಮ ಕಡೆ ‘ಮದ್ದು ಹಾಕಿದರು’ ಎಂದರೆ ಊಟದಲ್ಲಿ ವಿಷ ಬೆರೆಸಿದರು ಎಂದರ್ಥ. ‘ನೆರಳುದ್ರವ’ ನನಗೆ ಹಿಡಿಸಿತು, ಆದರೆ ಎಕ್ಸ್‌ರೇ ಬದಲು ಕಾಂತಕ್ಷೇತ್ರ ಬಳಸುವ ಎಂಆರ್ ಆಂಜಿಯೋಗ್ರಫಿಯಲ್ಲಿ ಕೊಡುವ ಗ್ಯಾಡೊಲಿನಿಯಂ ಎಂಬ ಲೋಹವಿರುವ ದ್ರವ ಸುತ್ತಲಿನ ನೀರಿನ ಕಾಂತೀಯ ಸಂಕೇತವನ್ನು ಬದಲಿಸಿ ನಾಳವನ್ನು ಬೆಳಗಿಸುತ್ತದೆಯೇ ಹೊರತು ನೆರಳನ್ನು ಬೀಳಿಸುವುದಿಲ್ಲ. ತೋರುಬೆರಳಿನ ಜಾಡಿನಲ್ಲಿ ‘ತೋರುದ್ರವ’ ಎಂದರೆ ಎಲ್ಲಕ್ಕೂ ಹೊಂದುತ್ತದೆ ಎಂಬುದು ನನ್ನ ಸದ್ಯದ ಒಲವು. “ಈಗ ತೋರುದ್ರವ ಬಿಡುತ್ತೇವೆ, ಮೈ ಬಿಸಿಯಾದಂತೆ ಅನ್ನಿಸಬಹುದು” ಎಂದು ದಾದಿಯೊಬ್ಬರ ಬಾಯಲ್ಲಿ ಕಲ್ಪಿಸಿಕೊಂಡೆ. ಕಿವಿಗೆ ಒರಟಾಗಿಯೇನೂ ಕೇಳಲಿಲ್ಲ.

ಆದರೂ ‘ಡೈ’ಯನ್ನು ಪತ್ರದಿಂದ ಅಳಿಸಲು ಧೈರ್ಯವಿಲ್ಲ. “ಹಿಂದೆ ಡೈ ಕೊಟ್ಟಾಗ ತೊಂದರೆಯಾಗಿತ್ತೇ?” ಎಂಬುದು ಮೇಜಿನ ಮೇಲೆ ಮಲಗಿಸುವ ಮುನ್ನ ಕೇಳಲೇಬೇಕಾದ ಪ್ರಶ್ನೆ; ಪತ್ರದಲ್ಲಿ ಆ ಪದದ ಅರ್ಥ ಹೇಳದಿದ್ದರೆ, ಡೈ ಎಂದರೆ ತಲೆಗೂದಲಿನದು ಎಂದುಕೊಂಡು “ನಾನು ಹಚ್ಚುವುದೇ ಇಲ್ಲ” ಎಂದು ಉತ್ತರಿಸುವವರೂ ಇರುತ್ತಾರೆ.

ಇದರ ಜೊತೆಗೇ ‘ನರ’ದ ತೊಡಕೂ ಇದೆ; ಪುಸ್ತಕದಲ್ಲಿ ಅದು ಮಿದುಳಿನ ಸಂದೇಶ ಒಯ್ಯುವ ತಂತು, ಆಡುಮಾತಿನಲ್ಲಿ ರಕ್ತನಾಳ. “ನರ ಸಿಗುತ್ತಿಲ್ಲ, ಮುಷ್ಟಿ ಬಿಗಿಹಿಡಿಯಿರಿ” ಎಂದು ಸೂಜಿ ಹಿಡಿದವರು ಹೇಳುವಾಗ ಅವರು ಹುಡುಕುತ್ತಿರುವುದು ಅಭಿಧಮನಿಯನ್ನು. ನಾನು ‘ರಕ್ತನಾಳ’ ಎಂದು ಬರೆದು ದಾಟಿಕೊಂಡಿದ್ದೇನೆ. ‘ತೋರುದ್ರವ’ಕ್ಕಿಂತ ಮೇಲಾದ, ಈಗಾಗಲೇ ಎಲ್ಲಿಯಾದರೂ ಬಳಕೆಯಲ್ಲಿರುವ ಪದ ಗೊತ್ತಿದ್ದವರು ಬಳಕೆಯ ವಾಕ್ಯದ ಸಹಿತ ತಿಳಿಸಬೇಕೆಂದು ಕೋರುತ್ತೇನೆ.