ಸಹಾಯ ಬೇಕು: ಟ್ರಾಲಪ್‌ನ ಮೊದಲ ಕಾದಂಬರಿಯ ಪೂರ್ತಿ ಪ್ರತಿ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ 1847ರಲ್ಲಿ ತಂದ ‘ದಿ ಮ್ಯಾಕ್‌ಡರ್ಮಟ್ಸ್ ಆಫ್ ಬ್ಯಾಲಿಕ್ಲೋರನ್’ ಓದಿ ಮುಗಿಸಿದೆ. ಅಂಚೆ ಇಲಾಖೆ ಕೆಲಸಕ್ಕೆ ಐರ್ಲೆಂಡಿಗೆ ಹೋಗಿದ್ದವನು ಡ್ರಮ್‌ಸ್ನಾ ಹತ್ತಿರ ಪಾಳುಬಿದ್ದ ಮನೆಯೊಂದನ್ನು ನೋಡಿ ಹೆಣೆದ ಕಥೆ ಇದು. ಸಾಲದಲ್ಲಿ ಮುಳುಗಿದ ಮನೆತನ, ಬುದ್ಧಿ ಮಂಕಾಗುತ್ತಿರುವ ಅಪ್ಪ ಲ್ಯಾರಿ, ಕೈಯಲ್ಲಿ ಕಾಸಿಲ್ಲದ ರೈತರ ಹತ್ತಿರವೇ ಗೇಣಿ ಕೇಳಬೇಕಾದ ಮಗ ಥೇಡಿ, ಕಳ್ಳಭಟ್ಟಿ ಹಿಡಿಯುವ ಪೊಲೀಸ್ ಅಧಿಕಾರಿಯನ್ನು ನಂಬಿ ಕೆಟ್ಟ ತಂಗಿ ಫೀಮಿ. ಥೇಡಿಯನ್ನು ಗಲ್ಲಿಗೇರಿಸುವ ಕಡೆ ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಆಮೇಲಿನ ಮುದ್ರಣದಲ್ಲಿ ಕೆಲವು ಅಧ್ಯಾಯ ಕೈಬಿಟ್ಟಿದ್ದಾರೆ, ನನ್ನದು ಆ ಕತ್ತರಿಸಿದ ಪ್ರತಿ. ಮೊದಲು ಮೂರು ಸಂಪುಟಗಳಲ್ಲಿ ಬಂದ ಪೂರ್ತಿ ರೂಪ ಇರುವ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಂದು ವಾರಕ್ಕೆ ಓದಲು ಕೊಟ್ಟರೂ ಸಾಕು, ಜೋಪಾನವಾಗಿ ವಾಪಸ್ ಕೊಡುತ್ತೇನೆ.