‘ಮಅಗಾಲ್’ಗೆ ಜಾಡು ಅನ್ನಬಹುದೇ? (ಜ್ಞಾನೋಕ್ತಿ 4:26)

ಗೆಳೆಯರೇ,

ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ಜ್ಞಾನೋಕ್ತಿಗಳ 4ನೇ ಅಧ್ಯಾಯ ಹೇಳಿಕೊಡಬೇಕಿದೆ. ಒಂದು ಪದ ಇತ್ಯರ್ಥ ಆಗ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಳ್ಳೆ ದಾರಿ, ಕೆಟ್ಟ ದಾರಿ ಅನ್ನೋ ಮಾತು ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂಲದ ಹೀಬ್ರೂನಲ್ಲಿ ಅದಕ್ಕೆ ಪದಗಳು ಬೇಕಾದಷ್ಟಿವೆ. ‘ದೆರೆಕ್’ ಇದೆ, ‘ಓರಹ್’ ಇದೆ, ‘ನೆತೀವಾ’ ಇದೆ. ಇವಕ್ಕೆಲ್ಲ ನಮ್ಮ ದಾರಿ, ಹಾದಿ, ಮಾರ್ಗ ಸಾಕು. ತೊಡಕು 4:26ರಲ್ಲಿ ‘ನಿನ್ನ ಕಾಲಿನ ಹಾದಿ’ ಅನ್ನೋ ಕಡೆ ಬರುವ ‘ಮಅಗಾಲ್’ದು. ‘ಅಗಾಲಾ’ ಅಂದರೆ ಬಂಡಿ. ಅದೇ ಮೂಲದ ‘ಮಅಗಾಲ್’ ಅಂದರೆ ಬಂಡಿ ಓಡಾಡಿ ಬಿದ್ದ ಹಾದಿ. (ನಮ್ಮ ‘ಗಾಲಿ’ಗೂ ಇದಕ್ಕೂ ನಂಟು ಕಟ್ಟಬೇಡಿ, ಕಿವಿಗೆ ಹತ್ತಿರ ಕೇಳುತ್ತದೆ ಅಷ್ಟೇ.) 23ನೇ ಕೀರ್ತನೆಯಲ್ಲಿ ನಾವು ‘ನೀತಿಮಾರ್ಗ’ ಅಂತ ಓದುವ ಕಡೆ ಮೂಲದಲ್ಲಿರೋದೂ ಇದೇ ಪದ.

ನಮ್ಮ ಬಾಗಲಕೋಟೆ ಕಡೆ ಎರೆ ಹೊಲದ ಹಾದಿ ತುಳಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಕಿಲ್ಲ. ಹಸಿ ಇದ್ದಾಗ ಚಕ್ಕಡಿ ಹೋದರೆ ಗಾಲಿ ಗೇಣುದ್ದ ಇಳಿಯುತ್ತದೆ. ನಾಲ್ಕು ದಿನ ಬಿಸಿಲು ಬಿತ್ತೆಂದರೆ ಅದರ ಅಂಚು ಕಲ್ಲಾಗುತ್ತದೆ. ಹಿಂದೆ ಬಂದ ಚಕ್ಕಡಿ ತಾನಾಗೇ ಅದರೊಳಗೆ ಇಳಿಯುತ್ತದೆ. ಆಮೇಲೆ ಎತ್ತು ಎಷ್ಟು ಪಕ್ಕಕ್ಕೆ ಎಳೆದರೂ ಗಾಲಿ ಮೇಲೆ ಹತ್ತಲ್ಲ.

ಒಳ್ಳೇದು ಕೆಟ್ಟದ್ದು ಆರಿಸಿಕೋ ಅಂದಾಗ ನಾವು ಮಕ್ಕಳಿಗೆ ಕವಲುದಾರಿಯ ಚಿತ್ರ ತೋರಿಸುತ್ತೇವೆ. ಒಂದು ಸಲ ಆರಿಸಿದರೆ ಮುಗೀತು ಅನ್ನೋ ಹಾಗೆ. ‘ಮಅಗಾಲ್’ನಲ್ಲಿ ಆ ಕವಲೇ ಇಲ್ಲ. ದಿನಾ ಓಡಾಡಿದ್ದೇ ಹಾದಿ ಆಗುತ್ತದೆ. ಇದನ್ನ ಬರೀ ‘ಮಾರ್ಗ’ ಅಂದರೆ ಗಾಲಿ ಗುರುತು ಅಳಿಸಿ ಹೋಗುತ್ತೆ, ಅಲ್ವಾ?

ಹಾಗಂತ ‘ಚಟ’ ಅನ್ನೋಕೂ ಬರಲ್ಲ. 2:15ರಲ್ಲಿ ಈ ಪದ ಸೊಟ್ಟ ಹಾದಿಗೆ ಬಂದಿದೆ, ಆದರೆ ಅದೇ ಅಧ್ಯಾಯದ 9ನೇ ವಚನದಲ್ಲಿ ಒಳ್ಳೆ ಹಾದಿಗೂ ಬಂದಿದೆ. ಎರಡಕ್ಕೂ ಒಗ್ಗುವ ಪದ ಬೇಕು. ನನ್ನ ಮನಸ್ಸು ‘ಜಾಡು’ ಕಡೆ ವಾಲುತ್ತಿದೆ. ಆದರೆ ಜಾಡು ಅಂದ ಕೂಡಲೇ ಕಳ್ಳನ ಜಾಡು ಹಿಡಿಯೋದು ನೆನಪಾಗುತ್ತದೆ. ಅದೊಂದೇ ಅಳುಕು.

ಇನ್ನೊಂದು, 4:26ರಲ್ಲಿ ಆ ಹಾದಿಯನ್ನ ಏನು ಮಾಡಬೇಕು ಅಂತ ಹೇಳುವ ಕ್ರಿಯಾಪದ ‘ಪಲ್ಲೇಸ್’. ಕೆಲವರು ‘ಸಮ ಮಾಡು’ ಅಂತಾರೆ, ಕೆಲವರು ‘ತೂಗಿ ನೋಡು’ ಅಂತಾರೆ. 16:11ರಲ್ಲಿ ಬರುವ ‘ಪೆಲೆಸ್’ಗೆ ತಕ್ಕಡಿ ಅಂತ ಅರ್ಥ. 5:21ರಲ್ಲಿ ಮನುಷ್ಯನ ‘ಮಅಗಾಲ್’ಗಳನ್ನು ದೇವರು ‘ಪಲ್ಲೇಸ್’ ಮಾಡುತ್ತಾನೆ. ಅಲ್ಲಿ ತೂಗಿ ನೋಡುವುದೇ ಸರಿ ಕೂಡುತ್ತದೆ. ಹಾಗಾಗಿ 4:26ಕ್ಕೂ ‘ಅಳೆದು ತೂಗಿ ಹೆಜ್ಜೆ ಇಡು’ ಅನ್ನೋಣ ಅಂತಿದ್ದೇನೆ. ಸಮ ಮಾಡು ಅನ್ನುವವರು ಕಾರಣ ತಿಳಿಸಿ.

ಇಂಡಿ, ಸಿಂದಗಿ, ಬೈಲಹೊಂಗಲ ಕಡೆಯವರಲ್ಲಿ ಒಂದು ವಿನಂತಿ. ಚಕ್ಕಡಿ ಗಾಲಿ ಕೊರೆದ ಆ ಎರಡು ಗೆರೆಗೆ ನಿಮ್ಮೂರಲ್ಲಿ ಏನಂತಾರೆ? ಹೊಲ ಮಾಡೋ ಹಿರಿಯರನ್ನ ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ.